ಕ್ಯಾಚರ್ ಬೇಕಾ ನಿಮಗೆ? ಮಗಳ ಕಾಲೇಜು ಸಾಫ್ಟ್‌ಬಾಲ್ ಹುಡುಕಾಟದ ಅನುಭವ

ಮಗಳು ಇಲ್ಲಿ ಅಮೆರಿಕದ ಕಾಲೇಜಿನಲ್ಲಿ ಸಾಫ್ಟ್‌ಬಾಲ್ (ಬೇಸ್‌ಬಾಲ್ ತರಹದ ಆಟ) ಆಡುತ್ತಾಳೆ ಅಂದ ತಕ್ಷಣ ಕನ್ನಡ ಕೂಟದಲ್ಲಿ ಎಲ್ಲರೂ ಕೇಳುವುದು ಒಂದೇ: "ಹಾಗಾದ್ರೆ ಫೀಸು ಪೂರ್ತಿ ಮಾಫಿನಾ?" ಅದನ್ನೇ ಮೊದಲು ಮುಗಿಸಿಬಿಡುತ್ತೇನೆ. ಇಲ್ಲ. ಇಲ್ಲಿ ಕಾಲೇಜು ಆಟದಲ್ಲಿ ಮೂರು ಮಟ್ಟ, ಡಿವಿಷನ್ 1 ಎಲ್ಲಕ್ಕಿಂತ ಮೇಲಿನದು. ಅವಳು ಆಡುವುದು ಡಿವಿಷನ್ 3 ಕಾಲೇಜಿನಲ್ಲಿ. ಅಲ್ಲಿ ಆಟಕ್ಕೆ ಅಂತ ಒಂದು ಡಾಲರೂ ಕೊಡುವ ಹಾಗಿಲ್ಲ, ನಿಯಮವೇ ಹಾಗೆ. ಓದು ನೋಡಿ ಕೊಡುತ್ತಾರೆ, ಮನೆಯ ಆದಾಯ ನೋಡಿ ಕೊಡುತ್ತಾರೆ. ಡಿವಿಷನ್ 1ರಲ್ಲೂ ನಾವು ಅಂದುಕೊಂಡಷ್ಟು ದುಡ್ಡು ಇರಲಿಲ್ಲ. ಅವಳು ಹುಡುಕುತ್ತಿದ್ದ ಕಾಲಕ್ಕೆ ಇಡೀ ತಂಡಕ್ಕೆ 12 ಸ್ಕಾಲರ್‌ಶಿಪ್ ಅಂತ ಮಿತಿ ಇತ್ತು. ಅದನ್ನೇ ಇಪ್ಪತ್ತು ಚಿಲ್ಲರೆ ಹುಡುಗಿಯರಿಗೆ ತುಂಡು ತುಂಡು ಮಾಡಿ ಹಂಚುತ್ತಿದ್ದರು. ಡಿವಿಷನ್ 2ರಲ್ಲಿ 7.2. ಹೌದು, ಪಾಯಿಂಟ್ ಎರಡು! 2025-26ರಿಂದ ಡಿವಿಷನ್ 1ರಲ್ಲಿ ಹೊಸ ವ್ಯವಸ್ಥೆಗೆ ಒಪ್ಪಿದ ಕಾಲೇಜುಗಳಿಗೆ ಆ ಮಿತಿ ಹೋಗಿದೆ, ಬದಲಿಗೆ ತಂಡದಲ್ಲಿ 25 ಜನ ಮಾತ್ರ ಅಂತ ಆಗಿದೆ. ಅಷ್ಟೂ ಜನಕ್ಕೆ ಪೂರ್ತಿ ಕೊಡಬಹುದು, ಆದರೆ ಕೊಡುವಷ್ಟು ದುಡ್ಡು ಆ ಕಾಲೇಜಿನ ಹತ್ತಿರ ಇರಬೇಕಲ್ವಾ.

ದುಡ್ಡಿನ ಮಾತು ಆಯಿತು. ಇನ್ನು ಆಯ್ಕೆ ಹೇಗೆ ನಡೆಯುತ್ತದೆ ಅನ್ನುವುದು.

ನಾನು, ನನ್ನ ಗಂಡ ಇಬ್ಬರೂ ಸಿಇಟಿ ಬರೆದು ಸೀಟು ತಗೊಂಡವರು. ರ‍್ಯಾಂಕ್ ಬಂತು, ಕೌನ್ಸೆಲಿಂಗ್‌ಗೆ ಹೋದೆವು, ಸೀಟು ಸಿಕ್ಕಿತು. ಇಲ್ಲಿ ರ‍್ಯಾಂಕೇ ಇಲ್ಲ. ಕೋಚ್‌ಗೆ ಬೇಕಾಗಿರುವುದು ಅವರ ತಂಡದಲ್ಲಿ ಮುಂದಿನ ವರ್ಷ ಖಾಲಿಯಾಗುವ ಜಾಗಕ್ಕೆ ಒಬ್ಬಳು. ನಮ್ಮವಳು ಕ್ಯಾಚರ್, ಅಂದರೆ ಬ್ಯಾಟ್ ಮಾಡುವವಳ ಹಿಂದೆ ಕೂತು ಪಿಚರ್ ಎಸೆದ ಚೆಂಡನ್ನು ಹಿಡಿಯುವವಳು. ನಿಮ್ಮ ಮಗಳು ಎಷ್ಟೇ ಚೆನ್ನಾಗಿ ಕ್ಯಾಚಿಂಗ್ ಮಾಡಲಿ, ಆ ತಂಡದಲ್ಲಿ ಮೊದಲ ವರ್ಷದ ಇಬ್ಬರು ಒಳ್ಳೆ ಕ್ಯಾಚರ್ ಇದ್ದರೆ ನಿಮಗೆ ಅಲ್ಲಿ ಕೆಲಸ ಇಲ್ಲ. ಇದು ತಲೆಗೆ ಹೋದ ಮೇಲೆ ನಮ್ಮ ಹುಡುಕಾಟದ ದಾರಿಯೇ ಬದಲಾಯಿತು.

ಮಗಳು ಒಂದು ಎಕ್ಸೆಲ್ ಶೀಟ್ ಮಾಡಿದಳು. ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲೂ ತಂಡದ ರೋಸ್ಟರ್ ಇರುತ್ತದೆ. ಹೆಸರು, ಪೊಸಿಷನ್, ಯಾವ ವರ್ಷ, ಯಾವ ಊರು, ಎಲ್ಲ ಹಾಕಿರುತ್ತಾರೆ. ಅದನ್ನು ತೆಗೆದು ಕ್ಯಾಚರ್‌ಗಳನ್ನು ಮಾತ್ರ ಬರೆದುಕೊಂಡಳು. ತಾನು ಸೇರುವ ವರ್ಷಕ್ಕೆ ಯಾರು ಓದು ಮುಗಿಸಿ ಹೊರಗೆ ಹೋಗಿರುತ್ತಾರೆ, ಯಾರು ಉಳಿದಿರುತ್ತಾರೆ ಅಂತ ಲೆಕ್ಕ. ಊರಿನ ಕಾಲಂ ಕೂಡ ಉಪಯೋಗಕ್ಕೆ ಬಂತು. ಪೂರ್ವದ ಒಂದು ಸಣ್ಣ ಕಾಲೇಜು ಪ್ರತಿ ವರ್ಷ ನಾವಿರುವ ಕ್ಯಾಲಿಫೋರ್ನಿಯಾದಿಂದ ಒಬ್ಬಿಬ್ಬರನ್ನು ಕರೆದುಕೊಳ್ಳುತ್ತಿದ್ದರೆ ಆ ಕೋಚ್ ಇಲ್ಲಿಯವರೆಗೂ ಬಂದು ನೋಡುತ್ತಾರೆ ಅಂತ ಅರ್ಥ. ಎಲ್ಲರೂ ಅಕ್ಕಪಕ್ಕದ ಊರಿನವರೇ ಆಗಿದ್ದರೆ ನಿಮ್ಮ ಮೇಲ್ ಅವರು ಓದುವುದೂ ಅನುಮಾನ. ಆಮೇಲೆ ಅವಳಿಗೆ ಬೇಕಾದ ಬಯಾಲಜಿ ಇಲ್ಲದ ಕಾಲೇಜುಗಳನ್ನು ತೆಗೆದಳು. ಕೊನೆಗೆ ಇಷ್ಟವೇ ಆಗದ ಊರುಗಳನ್ನೂ ತೆಗೆದಳು, ಅದರಲ್ಲಿ ನಾನು ಬಾಯಿ ಹಾಕಲಿಲ್ಲ.

ಇನ್ನು ಆಟದ ಅಂಕಿಗಳು. ಕ್ಯಾಚರ್‌ಗೆ ಮುಖ್ಯವಾದದ್ದು ಪಾಪ್ ಟೈಮ್. ಪಿಚರ್ ಹಾಕಿದ ಚೆಂಡು ಕ್ಯಾಚರ್ ಗ್ಲೌಸಿಗೆ ಬಿದ್ದ "ಟಪ್" ಸದ್ದಿನಿಂದ ಶುರು, ಸೆಕೆಂಡ್ ಬೇಸಿನಲ್ಲಿ ನಿಂತವಳ ಗ್ಲೌಸಿಗೆ ಅದು ತಲುಪುವವರೆಗೆ. ಸಾಫ್ಟ್‌ಬಾಲ್‌ನಲ್ಲಿ ಚೌಕದ ನಾಲ್ಕು ಮೂಲೆಗಳೇ ಬೇಸು, ಒಂದರಿಂದ ಪಕ್ಕದ್ದಕ್ಕೆ 60 ಅಡಿ, ಹಾಗಾಗಿ ಕ್ಯಾಚರ್ ಕೂರುವ ಹೋಮ್ ಮೂಲೆಯಿಂದ ಎದುರು ಮೂಲೆಯ ಸೆಕೆಂಡ್ ಬೇಸಿಗೆ ಅಡ್ಡ ಎಸೆತ ಸುಮಾರು 85 ಅಡಿ. ಆ ಬೇಸಿಗೆ ಓಡುತ್ತಿರುವ ಎದುರಾಳಿಯನ್ನು ಔಟ್ ಮಾಡಲು ಕೂತಲ್ಲಿಂದ ಎದ್ದು, ಚೆಂಡನ್ನು ಕೈಗೆ ತಗೊಂಡು, ಎಸೆದು ಮುಗಿಸಬೇಕು. ಎರಡು ಸೆಕೆಂಡ್ ಅಂದರೆ ನಿಧಾನ. 1.8ರ ಆಸುಪಾಸು ಬಂದರೆ ಕೋಚ್‌ಗಳು ತಲೆ ಎತ್ತಿ ನೋಡುತ್ತಾರೆ. ನಾವೆಲ್ಲ ತೋಳಿನ ಬಲ ಜಾಸ್ತಿ ಮಾಡಬೇಕು ಅಂದುಕೊಳ್ಳುತ್ತೇವೆ. ಅವಳ ಕೋಚ್ ಫೋನಿನಲ್ಲಿ ಸ್ಲೋ ಮೋಷನ್ ತೆಗೆದು ತೋರಿಸಿದರು. ಚೆಂಡು ಗ್ಲೌಸಿಗೆ ಬಿದ್ದ ಮೇಲೆ ಅವಳು ಗ್ಲೌಸನ್ನು ಮುಂದೆಯೇ ಬಿಟ್ಟು ಬಲಗೈಯನ್ನು ಅಲ್ಲಿಗೆ ಒಯ್ಯುತ್ತಿದ್ದಳು. ಗ್ಲೌಸನ್ನೇ ಕಿವಿಯ ಹತ್ತಿರ ಎಳೆದುಕೊಂಡು ಅಲ್ಲಿ ಚೆಂಡು ಬದಲಾಯಿಸುವುದನ್ನು ಕಲಿತಳು, ಬಲಗಾಲು ಒಂದು ಗೇಣು ಮುಂದೆ ಬಂತು. ತೋಳು ಅದೇ, ಸಮಯ ಇಳಿಯಿತು. ಚಳಿಗಾಲ ಪೂರ್ತಿ ಗ್ಯಾರೇಜಿನಲ್ಲಿ ಚೆಂಡನ್ನು ಎಸೆಯದೆ ಇದೊಂದನ್ನೇ ಮಾಡಿದಳು. ನಾನು ಪಲ್ಯಕ್ಕೆ ತರಕಾರಿ ಹೆಚ್ಚುವಾಗ ಆ ಕಡೆಯಿಂದ ಟಪ್ ಟಪ್ ಕೇಳುತ್ತಿತ್ತು.

ವಿಡಿಯೋ ಬಗ್ಗೆ ಜನ ಸುಮ್ನೆ ತಲೆ ಕೆಡಿಸಿಕೊಳ್ಳುತ್ತಾರೆ. ಸಂಗೀತ ಬೇಡ, ಎಫೆಕ್ಟ್ ಬೇಡ. ಮೊದಲ ಚೌಕಟ್ಟಿನಲ್ಲಿ ಹೆಸರು, ಹೈಸ್ಕೂಲ್ ಮುಗಿಸುವ ವರ್ಷ, ಪೊಸಿಷನ್, ಮಾರ್ಕ್ಸು. ಆಮೇಲೆ ನೇರವಾಗಿ ಒಳ್ಳೆಯ ಎಸೆತ. ಕೋಚ್ ಮೊದಲ ಅರ್ಧ ನಿಮಿಷ ನೋಡಿ ಮುಂದೆ ನೋಡಬೇಕೋ ಬೇಡವೋ ತೀರ್ಮಾನಿಸುತ್ತಾರೆ, ಹಾಗಾಗಿ ಚೆನ್ನಾಗಿರುವುದನ್ನು ಕೊನೆಗೆ ಉಳಿಸಬೇಡಿ. ಒಟ್ಟು ಮೂರು ನಾಲ್ಕು ನಿಮಿಷ ಸಾಕು. ನಮ್ಮದು ಟ್ರೈಪಾಡಿಗೆ ಸಿಕ್ಕಿಸಿದ ಫೋನಿನಲ್ಲಿ ತೆಗೆದದ್ದು.

ಮೇಲ್ ಬರೆಯುವುದು ಮಗಳೇ. ಇದೊಂದು ವಿಷಯದಲ್ಲಿ ನಾನು ಕಟ್ಟುನಿಟ್ಟು. ಅಪ್ಪ ಅಮ್ಮ ಬರೆದ ಮೇಲ್ ಯಾವುದು ಅಂತ ಕೋಚ್‌ಗಳಿಗೆ ಎರಡನೇ ಸಾಲಿನಲ್ಲೇ ಗೊತ್ತಾಗುತ್ತದೆ, ಹದಿನಾರರ ಹುಡುಗಿ ಯಾರೂ "ದಯವಿಟ್ಟು ಪರಿಗಣಿಸಿ" ಅನ್ನುವುದಿಲ್ಲ. ಅವಳ ಮೇಲ್ ಹೀಗಿರುತ್ತಿತ್ತು: ನಾನು ಇಂಥವಳು, ಇಂಥ ವರ್ಷದ ಕ್ಯಾಚರ್, ನಿಮ್ಮ ರೋಸ್ಟರಿನಲ್ಲಿ ನಾನು ಬರುವ ವರ್ಷ ಇಬ್ಬರು ಕ್ಯಾಚರ್ ಓದು ಮುಗಿಸಿರುತ್ತಾರೆ, ನಿಮಗೆ ಆ ವರ್ಷಕ್ಕೆ ಕ್ಯಾಚರ್ ಬೇಕಾ? ಈ ವಾರಾಂತ್ಯ ಇಂಥ ಮೈದಾನದಲ್ಲಿ ಇಷ್ಟು ಹೊತ್ತಿಗೆ ನಮ್ಮ ಆಟ, ನನ್ನ ಜರ್ಸಿ ನಂಬರ್ ಇದು, ನಮ್ಮ ಕೋಚ್ ಫೋನ್ ನಂಬರ್ ಇದು. ಕೆಳಗೆ ವಿಡಿಯೋ. ಅಷ್ಟೇ. ನೇರವಾಗಿ ಕೇಳಿದ್ದರಿಂದ ನೇರ ಉತ್ತರ ಬಂತು. "ಇಲ್ಲ, ಆ ವರ್ಷಕ್ಕೆ ಆಗಿಹೋಗಿದೆ" ಅಂದವರಿಗೆ ನಾನು ಈಗಲೂ ಋಣಿ, ಆ ಸಾಲು ಶೀಟಿನಿಂದ ಅಳಿಸಬಹುದಲ್ಲ.

ಉತ್ತರ ಬರದಿದ್ದರೆ ಬೇಜಾರಾಗುವ ಮುಂಚೆ ನಿಯಮ ತಿಳಿದುಕೊಳ್ಳಿ. ಹನ್ನೊಂದನೇ ತರಗತಿಯ ಸೆಪ್ಟೆಂಬರ್ 1 ಬರುವವರೆಗೆ ಡಿವಿಷನ್ 1 ಕೋಚ್ ಹುಡುಗಿಯ ಜೊತೆ ತಂಡಕ್ಕೆ ಸೇರಿಸಿಕೊಳ್ಳುವ ಮಾತು ಆಡುವ ಹಾಗಿಲ್ಲ. 2018ರಲ್ಲಿ ಬಂದ ನಿಯಮ. ಅದಕ್ಕೂ ಮೊದಲು ಎಂಟನೇ ಕ್ಲಾಸಿನ ಮಕ್ಕಳೇ ಕಾಲೇಜಿಗೆ ಮಾತು ಕೊಟ್ಟುಬಿಡುತ್ತಿದ್ದರಂತೆ, ಎಂಥಾ ಅವಸರ ನೋಡಿ. ಡಿವಿಷನ್ 2ಕ್ಕೆ ಹತ್ತನೇ ತರಗತಿ ಮುಗಿದ ಜೂನ್ 15. ಡಿವಿಷನ್ 3 ಕೋಚ್‌ಗಳು ಯಾವಾಗ ಬೇಕಾದರೂ ಮೇಲ್, ಫೋನ್ ಮಾಡಬಹುದು. ಆ ಸೆಪ್ಟೆಂಬರ್ 1ರ ಮಧ್ಯರಾತ್ರಿ ಅವಳ ತಂಡದ ಪಿಚರ್‌ಗೆ ಮೇಲಿಂದ ಮೇಲೆ ಮೆಸೇಜ್ ಬಂದವು. ನಮ್ಮವಳಿಗೆ ಡಿವಿಷನ್ 1ರಿಂದ ಬಂದದ್ದೆಲ್ಲ ಕ್ಯಾಂಪ್ ಮೇಲ್. "ನಮ್ಮ ಕ್ಯಾಂಪಿಗೆ ಬಾ" ಅಂತ ಸಾವಿರಾರು ಹುಡುಗಿಯರಿಗೆ ಒಟ್ಟಿಗೆ ಹೋಗುವ ಮೇಲ್ ಇರುತ್ತದಲ್ಲ, ಅದು. ನಿನ್ನನ್ನು ಎಲ್ಲಿ ನೋಡಿದೆವು, ಯಾವ ಆಟದಲ್ಲಿ ಅಂತ ಒಂದು ಸಾಲೂ ಇಲ್ಲದಿದ್ದರೆ ಅದು ಕ್ಯಾಂಪಿನ ಫೀಸಿಗೆ ಬಂದ ಕರೆ ಅಂತಲೇ ನಾವು ಇಟ್ಟುಕೊಂಡೆವು. ಅವಳು ಅವತ್ತು ರಾತ್ರಿ ಸ್ವಲ್ಪ ಅತ್ತಳು. ಬೆಳಿಗ್ಗೆ ಎದ್ದು ಶೀಟನ್ನು ಡಿವಿಷನ್ ಪ್ರಕಾರ ಮತ್ತೆ ಜೋಡಿಸಿದಳು.

ಕಾಲೇಜು ಕೋಚ್‌ಗಳು ಬಂದು ನೋಡಲಿ ಅಂತಲೇ ನಡೆಸುವ ಶೋಕೇಸ್ ಟೂರ್ನಮೆಂಟುಗಳಿಗೆ ಹೋಗಲೇಬೇಕು, ಹೈಸ್ಕೂಲ್ ಆಟ ನೋಡಲು ಕಾಲೇಜು ಕೋಚ್‌ಗಳು ಬರುವುದು ಕಡಿಮೆ. ಜುಲೈನಲ್ಲಿ ಕೊಲೊರಾಡೊದಲ್ಲಿ ದೊಡ್ಡದೊಂದು ಜಾತ್ರೆಯೇ ಸೇರುತ್ತದೆ. ಕೋಚ್‌ಗಳು ಕಾಲೇಜಿನ ಟೀ ಶರ್ಟ್ ಹಾಕಿಕೊಂಡು ಬ್ಯಾಕ್‌ಸ್ಟಾಪ್ (ಕ್ಯಾಚರ್ ಬೆನ್ನ ಹಿಂದಿನ ಬೇಲಿ) ಹಿಂದೆ ಮಡಚುವ ಕುರ್ಚಿ ಹಾಕಿ ಕೂತಿರುತ್ತಾರೆ, ಕೈಯಲ್ಲಿ ಸ್ಟಾಪ್‌ವಾಚ್. ಕ್ಯಾಚರ್‌ಗೆ ಇದರಲ್ಲಿ ಒಂದು ಅನುಕೂಲ: ಯಾರನ್ನು ನೋಡಲು ಬಂದರೂ ಅವರ ಕಣ್ಣೆದುರಿಗೆ ಕೂತಿರುವವಳು ಅವಳೇ. ಅನನುಕೂಲವೂ ಅದೇ. ಅಂಪೈರ್ ಮೇಲೆ ಮುಖ ಸಿಂಡರಿಸಿದರೂ ಕಾಣುತ್ತದೆ. ಪಿಚರ್ ಸತತವಾಗಿ ವಾಕ್ ಕೊಟ್ಟಾಗ (ಕೆಟ್ಟ ಎಸೆತಗಳಿಂದ ಎದುರಾಳಿಗೆ ಪುಕ್ಕಟೆ ಬೇಸ್ ಬಿಟ್ಟುಕೊಟ್ಟಾಗ) ಇವಳು ಎದ್ದು ಹೋಗಿ ಏನು ಹೇಳುತ್ತಾಳೆ ಅಂತ ನೋಡುತ್ತಾರೆ. ಡಗ್‌ಔಟ್‌ಗೆ ಹೋಗಿ ನೀರಿನ ಬಾಟಲಿ ಕೊಡುವ ಅಮ್ಮಂದಿರನ್ನೂ ನೋಡುತ್ತಾರೆ! ನಾನು ಔಟ್‌ಫೀಲ್ಡ್ ಬೇಲಿಯ ಹತ್ತಿರ ದೂರ ಕೂರುತ್ತಿದ್ದೆ, ಚಿತ್ರಾನ್ನದ ಡಬ್ಬಿ ಹಿಡಿದುಕೊಂಡು.

ಖರ್ಚು ಸಣ್ಣದಲ್ಲ. ಊರೂರು ಸುತ್ತಿ ಆಡುವ ಟ್ರಾವೆಲ್ ತಂಡದ ಫೀಸು, ವಿಮಾನ, ಹೋಟೆಲು, ಬ್ಯಾಟು. ಆಟದ ಸ್ಕಾಲರ್‌ಶಿಪ್ ಸಿಕ್ಕಿದರೆ ಇದೆಲ್ಲ ವಾಪಸ್ ಬರುತ್ತದೆ ಅನ್ನುವ ಲೆಕ್ಕದಲ್ಲಿ ಯಾರೂ ಇಳಿಯಬೇಡಿ. ಮಗಳಿಗೆ ಆಟ ಇಷ್ಟ ಇದ್ದರೆ ಮಾಡಿ. ದುಡ್ಡು ತಗೊಂಡು ಕೋಚ್‌ಗಳಿಗೆ ಪರಿಚಯ ಮಾಡಿಕೊಡುತ್ತೇವೆ ಅನ್ನುವ ಏಜೆನ್ಸಿಯೊಂದು ನಮಗೂ ಗಂಟು ಬಿದ್ದಿತ್ತು. ಅವರು ಮಾಡುವುದನ್ನೆಲ್ಲ ಅವಳ ಶೀಟು ಮಾಡುತ್ತಿತ್ತು.

ಡಿವಿಷನ್ 3ರಲ್ಲಿ, ಅದರಲ್ಲೂ ಓದಿಗೆ ಹೆಸರಾದ ಕಾಲೇಜುಗಳಲ್ಲಿ, ಕೋಚ್ ಹೂಂ ಅಂದರೆ ಸಾಲದು. ಹನ್ನೊಂದನೇ ತರಗತಿ ಮುಗಿದ ಬೇಸಿಗೆಯಲ್ಲಿ ಪ್ರೀ-ರೀಡ್ ಅಂತ ಮಾಡುತ್ತಾರೆ. ಮಾರ್ಕ್ಸು, ಮುಂದಿನ ವರ್ಷ ತಗೊಳ್ಳುವ ವಿಷಯಗಳು, ಪರೀಕ್ಷೆ ಬರೆದಿದ್ದರೆ ಅದರ ಸ್ಕೋರು, ಇವನ್ನು ಕೋಚ್ ಅಡ್ಮಿಷನ್ ಆಫೀಸಿಗೆ ಕೊಡುತ್ತಾರೆ. ಅವರು ಇವಳು ಒಳಗೆ ಬರುವ ಸಾಧ್ಯತೆ ಇದೆಯಾ ಅಂತ ಮೊದಲೇ ಹೇಳುತ್ತಾರೆ. ಹಣದ ಸಹಾಯ ಎಷ್ಟು ಬರಬಹುದು ಅಂತಲೂ ಆಗಲೇ ಕೇಳಿ. ಯಾಕೆಂದರೆ ಆಮೇಲೆ ಕೋಚ್ ಅರ್ಲಿ ಡಿಸಿಷನ್‌ನಲ್ಲಿ ಅರ್ಜಿ ಹಾಕು ಅನ್ನುತ್ತಾರೆ, ಅದರಲ್ಲಿ ಸೀಟು ಬಂದರೆ ಸೇರಲೇಬೇಕು. ಪ್ರತಿ ಕಾಲೇಜಿನ ಸೈಟಿನಲ್ಲೂ ನಿಮ್ಮ ಮನೆಗೆ ಎಷ್ಟು ಬೀಳಬಹುದು ಅಂತ ಅಂದಾಜು ಹೇಳುವ ಕ್ಯಾಲ್ಕುಲೇಟರ್ ಇದೆ, ನನ್ನ ಗಂಡ ಅದನ್ನು ಮೊದಲೇ ಹಾಕಿ ನೋಡಿ ಇಟ್ಟಿದ್ದರು.

ಕಾಲೇಜು ನೋಡಲು ಹೋದಾಗ ಕೋಚ್‌ಗೆ ಅವಳು ಕೇಳಿದ ಒಂದು ಪ್ರಶ್ನೆ ನನಗೆ ತುಂಬಾ ಹಿಡಿಸಿತು: "ಬಯಾಲಜಿ ಲ್ಯಾಬು, ಪ್ರಾಕ್ಟೀಸು ಎರಡೂ ಒಂದೇ ಹೊತ್ತಿಗೆ ಬಿದ್ದರೆ ಏನು ಮಾಡ್ತೀರಿ?" ಇನ್ನೊಂದು ಕಾಲೇಜಿನ ಕೋಚ್ ಆ ಪ್ರಶ್ನೆಗೆ ಮಾತು ಹಾರಿಸಿದ್ದರು. ಈ ಕೋಚ್ ಮಾತ್ರ, ಹುಡುಗಿಯರು ಲ್ಯಾಬಿಗೆ ಹೋಗುತ್ತಾರೆ, ಪ್ರಾಕ್ಟೀಸಿಗೆ ತಡವಾಗಿ ಬರುತ್ತಾರೆ ಅಂತ ಹೇಳಿ, ಹಾಗೆ ಮಾಡುತ್ತಿದ್ದ ಹುಡುಗಿಯನ್ನೇ ಕರೆದು ಮಾತಾಡಲು ಬಿಟ್ಟು ಹೊರಟುಹೋದರು. ಅಲ್ಲಿಗೇ ಸೇರಿದಳು.

ಪಿಚರ್ ಮಗಳಿರುವವರು ನನ್ನ ಮಾತನ್ನು ಪೂರ್ತಿ ನೆಚ್ಚಿಕೊಳ್ಳಬೇಡಿ. ಅವರನ್ನು ಮುಂಚೆಯೇ ನೋಡಿಡುತ್ತಾರೆ, ಅವರ ವೇಗ, ಸ್ಪಿನ್ ಲೆಕ್ಕವೇ ಬೇರೆ. ಈಗ ಕಾಲೇಜು ಬದಲಿಸಬೇಕೆನ್ನುವ ಆಟಗಾರರು ಹೆಸರು ಹಾಕುವ ಟ್ರಾನ್ಸ್‌ಫರ್ ಪೋರ್ಟಲ್‌ನಿಂದ ಬೇರೆ ಕಾಲೇಜಿನ ಪಿಚರ್‌ಗಳನ್ನೇ ಕರೆದುಕೊಳ್ಳುವ ಕೋಚ್‌ಗಳೂ ಜಾಸ್ತಿಯಾಗಿದ್ದಾರೆ. ಅದನ್ನು ಪಿಚರ್ ಅಮ್ಮಂದಿರನ್ನೇ ಕೇಳಿ, ಔಟ್‌ಫೀಲ್ಡ್ ಬೇಲಿ ಹತ್ತಿರ ಸಿಗುತ್ತಾರೆ.