ಎಕ್ಯುಐ 100 ಅಂದರೆ ಏನು? ಗಾಳಿಯ ಅಂಕಿ ಓದುವುದು ಹೀಗೆ

ಇವತ್ತು ಮಳೆ ಬರುತ್ತಾ ಅಂತ ಮೊಬೈಲ್ ನೋಡುವಾಗ ಪಕ್ಕದಲ್ಲೇ ಎಕ್ಯುಐ ಅಂತ ಒಂದು ಸಂಖ್ಯೆ ಕಾಣುತ್ತದೆ. ಅದು ಗಾಳಿಯ ಗುಣಮಟ್ಟದ ಸೂಚ್ಯಂಕ. ದೆಹಲಿಯಲ್ಲಿ 400 ದಾಟುತ್ತದಲ್ಲ, ನಮ್ಮ ಬೆಂಗಳೂರಿನದು 100 ತಾನೇ ಅಂತ ಸುಮ್ಮನಾಗುತ್ತೇವೆ. ಮನೆಯಲ್ಲಿ ಅಸ್ತಮಾ ಇರುವ ಮಗುವೋ ಹೃದಯದ ತೊಂದರೆ ಇರುವ ಹಿರಿಯರೋ ಇದ್ದರೆ ಹಾಗೆ ಸುಮ್ಮನಾಗಬೇಡಿ.

ಹೆಜ್ಜೆ 1: ಒಂದೇ ಆ್ಯಪ್ ನಂಬಿ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪ್ ಹಾಕಿಕೊಳ್ಳಿ. ಇಡೀ ಊರಿನ ಸರಾಸರಿ ಬಿಟ್ಟು ನಿಮಗೆ ಹತ್ತಿರದ, ಗಾಳಿ ಅಳೆಯುವ ಕೇಂದ್ರದ ಅಂಕಿ ನೋಡಿ. ಪೀಣ್ಯದ ಗಾಳಿ ಬೇರೆ, ಜಯನಗರದ್ದು ಬೇರೆ.

ಬೇರೆ ಆ್ಯಪ್‌ನಲ್ಲಿ ಅದೇ ಹೊತ್ತಿಗೆ ಜಾಸ್ತಿ ಸಂಖ್ಯೆ ಕಂಡರೆ ಗಾಬರಿ ಬೇಡ. ಕೆಲವು ಆ್ಯಪ್‌ಗಳು ಅಮೆರಿಕದ ಲೆಕ್ಕ ಬಳಸುತ್ತವೆ. ಒಂದು ಘನ ಮೀಟರ್ ಗಾಳಿಯಲ್ಲಿ ಪಿಎಂ 2.5 ಎಂಬ ತೀರಾ ಸಣ್ಣ ಕಣಗಳು 60 ಮೈಕ್ರೊಗ್ರಾಂ ಇದ್ದರೆ ನಮ್ಮ ಲೆಕ್ಕದಲ್ಲಿ ಎಕ್ಯುಐ 100. ಅಮೆರಿಕದ ಲೆಕ್ಕದಲ್ಲಿ ಅದೇ ಗಾಳಿ 150 ದಾಟುತ್ತದೆ.

ಹೆಜ್ಜೆ 2: ಯಾವ ಕೊಳೆ ಅಂತ ನೋಡಿ

ಇದನ್ನು ಹೆಚ್ಚಿನವರು ನೋಡುವುದೇ ಇಲ್ಲ. ನಮ್ಮ ಸೂಚ್ಯಂಕದಲ್ಲಿ ಎಂಟು ಬಗೆಯ ಮಾಲಿನ್ಯದ ಲೆಕ್ಕವಿದೆ. ಅಳೆದವುಗಳಲ್ಲಿ ಯಾವುದರ ಅಂಕಿ ಎಲ್ಲಕ್ಕಿಂತ ಜಾಸ್ತಿಯೋ ಅದೇ ಆ ದಿನದ ಎಕ್ಯುಐ. ಅದರ ಹೆಸರೂ ಆ್ಯಪ್‌ನಲ್ಲಿ ಇರುತ್ತದೆ.

ಪಿಎಂ 10 (10 ಮೈಕ್ರಾನ್‌ವರೆಗಿನ ಕಣಗಳು; ಒಂದು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ) ಅಂತಿದ್ದರೆ ಅದರಲ್ಲಿ ರಸ್ತೆ ಮತ್ತು ಕಟ್ಟಡ ಕೆಲಸದ ದೂಳಿನ ಪಾಲು ದೊಡ್ಡದು. ಪಿಎಂ 2.5 ಬಹುಪಾಲು ಹೊಗೆಯಿಂದ ಬರುವುದು: ವಾಹನ, ಡೀಸೆಲ್ ಜನರೇಟರ್, ಸುಡುವ ಕಸ. ಈ ಕಣಗಳ ಅಗಲ 2.5 ಮೈಕ್ರಾನ್ ಅಥವಾ ಅದಕ್ಕೂ ಕಡಿಮೆ. ಮೂಗು, ಗಂಟಲು ಇವನ್ನು ಪೂರ್ತಿ ತಡೆಯಲಾರವು. ಶ್ವಾಸಕೋಶದ ತಳದ ಗಾಳಿಚೀಲಗಳವರೆಗೂ ಹೋಗುತ್ತವೆ. ತೀರಾ ಸಣ್ಣವು ರಕ್ತಕ್ಕೂ ಸೇರುತ್ತವೆ. ಹಾಗಾಗಿಯೇ ಕೆಟ್ಟ ಗಾಳಿಯಿಂದ ಬರೀ ಕೆಮ್ಮಲ್ಲ, ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯವೂ ಏರುತ್ತದೆ. ಹೊರಗಿನ ಗಾಳಿಯ ಮಾಲಿನ್ಯವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2013ರಲ್ಲೇ ಕ್ಯಾನ್ಸರ್‌ಕಾರಕ ಎಂದು ಹೇಳಿದೆ.

ಹೆಜ್ಜೆ 3: ‘ಮಧ್ಯಮ’ ಅನ್ನುವ ಪದಕ್ಕೆ ಮೋಸ ಹೋಗಬೇಡಿ

50ರವರೆಗೆ ಉತ್ತಮ, 100ರವರೆಗೆ ತೃಪ್ತಿಕರ, 200ರವರೆಗೆ ಮಧ್ಯಮ. ಅಲ್ಲಿಂದ ಮೇಲೆ ಕಳಪೆ, 300 ದಾಟಿದರೆ ತೀರಾ ಕಳಪೆ, 400 ದಾಟಿದರೆ ಗಂಭೀರ. ‘ಮಧ್ಯಮ’ ಅಂದರೆ ಪರವಾಗಿಲ್ಲ ಅನ್ನಿಸುತ್ತದೆ ಅಲ್ವಾ? ಆದರೆ ಆ ಹಂತದಲ್ಲೇ ಅಸ್ತಮಾ, ಶ್ವಾಸಕೋಶ ಮತ್ತು ಹೃದಯದ ಕಾಯಿಲೆ ಇರುವವರಿಗೆ ಉಸಿರಾಟ ಕಷ್ಟವಾಗಬಹುದು ಅಂತ ಮಂಡಳಿಯೇ ಹೇಳುತ್ತದೆ. ಪಿಎಂ 2.5ಕ್ಕೆ ನಮ್ಮ ದೇಶದ ದಿನದ ಮಿತಿ 60 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ ಬರೀ 15.

ಹೆಜ್ಜೆ 4: ಹೊತ್ತು ನೋಡಿ ಹೊರಡಿ

ಪಿಎಂ ಲೆಕ್ಕ 24 ಗಂಟೆಗಳ ಸರಾಸರಿ. ಟ್ರಾಫಿಕ್ ಹೊತ್ತಿನ ಏರಿಕೆ ಅದರಲ್ಲಿ ಕರಗಿಹೋಗುತ್ತದೆ. ಗಂಟೆಗಂಟೆಯ ಅಂಕಿ ಸಿಕ್ಕರೆ ಅದನ್ನೇ ನೋಡಿ. ಡಿಸೆಂಬರ್, ಜನವರಿಯಲ್ಲಿ ನೆಲದ ಹತ್ತಿರದ ತಣ್ಣನೆ ಗಾಳಿ ಮೇಲೇಳುವುದಿಲ್ಲ, ಹೊಗೆ ಅಲ್ಲೇ ನಿಲ್ಲುತ್ತದೆ. ಆಗ ನಸುಕಿನ ವಾಕಿಂಗ್ ಬಿಟ್ಟು ಬಿಸಿಲು ಬಂದ ಮೇಲೆ ಹೋಗಿ. ಮುಖ್ಯರಸ್ತೆ ಬಿಟ್ಟು ಒಳರಸ್ತೆ ಹಿಡಿಯಿರಿ. ಬೈಕ್ ಓಡಿಸುವವರು ಕರ್ಚೀಫ್ ಕಟ್ಟಿಕೊಂಡರೆ ಸಾಲದು, ಮೂಗು ಗಲ್ಲಕ್ಕೆ ಬಿಗಿಯಾಗಿ ಕೂರುವ ಎನ್‌95 ಮಾಸ್ಕ್ ಬೇಕು.

ಹೆಜ್ಜೆ 5: ಮನೆಯೊಳಗೂ ಗಮನವಿರಲಿ

ಸೊಳ್ಳೆ ಬತ್ತಿ, ಊದುಬತ್ತಿ, ಸೌದೆ ಒಲೆ ಎಲ್ಲವೂ ಇದೇ ಕಣಗಳನ್ನು ಬಿಡುತ್ತವೆ. ಮಗು ಮಲಗುವ ಕೋಣೆಯಲ್ಲಿ ಸೊಳ್ಳೆ ಬತ್ತಿ ಬೇಡವೇ ಬೇಡ, ಪರದೆ ಕಟ್ಟಿ. ಒಗ್ಗರಣೆ ಹಾಕುವಾಗ ಎಕ್ಸಾಸ್ಟ್ ಫ್ಯಾನ್ ಹಾಕಿ. ಕೆಮ್ಮು, ಉಬ್ಬಸ ಮತ್ತೆ ಮತ್ತೆ ಬರುತ್ತಿದ್ದರೆ ಆ ದಿನಗಳ ಎಕ್ಯುಐ ಕ್ಯಾಲೆಂಡರ್ ಮೇಲೆ ಬರೆದಿಡಿ. ಡಾಕ್ಟರ ಹತ್ತಿರ ಹೋಗುವಾಗ ಅದನ್ನೂ ತೋರಿಸಿ.