ಜಿಡ್ಡು ಇಳಿದಾಗ ಮೊದಲು ನೋಡಬೇಕಾದದ್ದು ಮೇವನ್ನು

ಹಾಲಿನ ಜಿಡ್ಡಿನಂಶ ಇಳಿದ ಕೂಡಲೇ ಹಿಂಡಿ, ಕಾಳಿನ ನುಚ್ಚು ಹೆಚ್ಚಿಸುವುದು ವಾಡಿಕೆ. ಆದರೆ ಕೊರತೆ ಇರುವುದು ಅನೇಕ ಸಲ ನಾರಿನದು. ಹಸುವಿನ ಮೆಲುಕು ಚೀಲದ (ಹೊಟ್ಟೆಯ ಮೊದಲ ಭಾಗದ) ಸೂಕ್ಷ್ಮಜೀವಿಗಳು ಮೇವಿನ ನಾರನ್ನು ಹುದುಗಿಸಿದಾಗ ಅಸಿಟಿಕ್ ಆಮ್ಲ ಹೆಚ್ಚಾಗಿ ಹುಟ್ಟುತ್ತದೆ. ಹಾಲಿನ ಕೊಬ್ಬಿನ ಸುಮಾರು ಅರ್ಧದಷ್ಟನ್ನು ಕೆಚ್ಚಲು ಮುಖ್ಯವಾಗಿ ಇದರಿಂದಲೇ ತಯಾರಿಸಿಕೊಳ್ಳುತ್ತದೆ. ಕಾಳಿನ ಪಿಷ್ಟ ಹಾಲಿನ ಪ್ರಮಾಣಕ್ಕೂ ಪ್ರೋಟೀನಿಗೂ ನೆರವಾಗುತ್ತದೆ ನಿಜ, ಆದರೆ ಅತಿಯಾದರೆ ಚೀಲದಲ್ಲಿ ಹುಳಿ ಹೆಚ್ಚಿ, ನಾರು ಕರಗಿಸುವ ಜೀವಿಗಳು ಸೊರಗಿ, ಜಿಡ್ಡು ಮತ್ತಷ್ಟು ಕುಸಿಯುತ್ತದೆ.

ಆದ್ದರಿಂದ ಮೊದಲ ಕೆಲಸ, ಮೇಯಿಸಿ ಎರಡು ಗಂಟೆಯ ನಂತರ ಕೊಟ್ಟಿಗೆಗೆ ಹೋಗಿ ನೋಡುವುದು. ಮಲಗಿರುವ ಹಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೆಲುಕು ಹಾಕುತ್ತಿರಬೇಕು. ಒಂದು ಹಸುವಿನ ಗಂಟಲಿನಲ್ಲಿ ಉಂಡೆ ಮೇಲೇರುವುದನ್ನು ಗಮನಿಸಿ, ಅದನ್ನು ನುಂಗುವವರೆಗೆ ಎಷ್ಟು ಸಲ ಅಗಿಯುತ್ತದೆ ಎಂದು ಎಣಿಸಬಹುದು: 50ರಿಂದ 60 ಸಲವಾದರೆ ನಾರು ಸಾಕಷ್ಟಿದೆ. ಬಹಳ ಕಡಿಮೆಯಿದ್ದರೆ ಒಣ ಮೇವನ್ನು ಹೆಚ್ಚಿಸಬೇಕು, ಅದನ್ನು ಪುಡಿಯಂತೆ ಕತ್ತರಿಸುವುದನ್ನೂ ಬಿಡಬೇಕು. ಅಗಿದಷ್ಟೂ ಜೊಲ್ಲು ಸುರಿಯುತ್ತದೆ, ಆ ಜೊಲ್ಲೇ ಚೀಲದ ಹುಳಿಯನ್ನು ತಗ್ಗಿಸುವ ಸೋಡಾ.

ಬಳಿಕ ದಾಣಿಯನ್ನು, ಅಂದರೆ ಹಿಂಡಿ-ನುಚ್ಚಿನ ಆಹಾರವನ್ನು, ಒಂದೇ ಸಲ ಸುರಿಯದೆ ಎರಡು ಮೂರು ಹೊತ್ತಿಗೆ ಹಂಚಿ, ಸಾಧ್ಯವಾದರೆ ಮೇವು ತಿಂದ ಮೇಲೆ ಕೊಡಬೇಕು. ಯಾವುದೇ ಬದಲಾವಣೆಯನ್ನು 7ರಿಂದ 10 ದಿನಗಳಲ್ಲಿ ಹಂತಹಂತವಾಗಿ ಮಾಡುವುದು ಕ್ಷೇಮ. ಜಿಡ್ಡು ಹೆಚ್ಚಲೆಂದು ಎಣ್ಣೆ ಬೆರೆಸುವವರಿದ್ದಾರೆ. ಎಣ್ಣೆ ಹೆಚ್ಚಾದರೆ ಅದೂ ನಾರಿನ ಜೀರ್ಣಕ್ರಿಯೆಯನ್ನೇ ಕೆಡಿಸುತ್ತದೆ. ಖನಿಜ ಮಿಶ್ರಣ ಹಸುವಿಗೆ ಅಗತ್ಯ, ಆದರೆ ಅದರಿಂದ ಹಾಲಿನ ಕ್ಯಾಲ್ಸಿಯಂ ಏರುವುದಿಲ್ಲ: ಕೊರತೆಯಿದ್ದರೂ ಹಸು ತನ್ನ ಮೂಳೆಯಿಂದ ತೆಗೆದು ಹಾಲಿಗೆ ಸೇರಿಸುತ್ತದೆ.

ಈರುಳ್ಳಿ ಸೊಪ್ಪು, ಎಲೆಕೋಸು, ರಸಮೇವುಗಳ (ಸೈಲೇಜ್) ವಾಸನೆ ಹಾಲಿಗೆ ಇಳಿಯುವುದರಿಂದ ಅವುಗಳನ್ನು ಹಾಲು ಕರೆದ ಮೇಲೆಯೇ ಹಾಕಬೇಕು.

ಬೂಷ್ಟು ಹಿಡಿದ ಹಿಂಡಿಯ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಕಡಲೆಕಾಯಿ, ಹತ್ತಿಬೀಜದ ಹಿಂಡಿ ಮತ್ತು ಮೆಕ್ಕೆಜೋಳ ತೇವಗೊಂಡರೆ ಅವುಗಳಲ್ಲಿ ಅಫ್ಲಾಟಾಕ್ಸಿನ್ ಬಿ1 ಎಂಬ ವಿಷ ಉಂಟಾಗಬಹುದು. ಅದು ಒಂದು ದಿನದೊಳಗೆ ಎಂ1 ರೂಪದಲ್ಲಿ ಹಾಲಿನಲ್ಲಿ ಕಾಣಿಸಿಕೊಳ್ಳುತ್ತದೆ, ಕಾಯಿಸಿದರೂ ನಾಶವಾಗುವುದಿಲ್ಲ. ಬೂಷ್ಟನ್ನು ಕೆರೆದು ಉಳಿದದ್ದನ್ನು ಹಾಕುವುದೂ ತಪ್ಪು, ಏಕೆಂದರೆ ವಿಷ ಕಣ್ಣಿಗೆ ಕಾಣುವ ಭಾಗದಲ್ಲಷ್ಟೇ ಇರುವುದಿಲ್ಲ. ಆ ಮೇವನ್ನು ಪೂರ್ತಿ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಹಾಲಿನಿಂದ ವಿಷ ಹೋಗುತ್ತದೆ. ಆದರೆ ನಾರು ಸರಿಪಡಿಸಿದ ಮೇಲೆ ಜಿಡ್ಡು ಮರಳಲು ಎರಡು ಮೂರು ವಾರ ಬೇಕಾಗುವುದರಿಂದ, ಮೂರನೇ ದಿನದ ಪರೀಕ್ಷೆ ನೋಡಿ ಮತ್ತೆ ಮೇವು ಬದಲಿಸಬಾರದು.