ರಾಗಿ ಹೊಲದಲ್ಲಿ ಮೊಲದ ಮರಿ ಸಿಕ್ಕರೆ

ರಾಗಿ ಕೊಯ್ಲಿನ ಹೊತ್ತಿಗೆ ನಮ್ಮೂರಲ್ಲಿ ಯಾರಾದರೂ ಮೊಲದ ಮರಿ ಹಿಡಿದು ತಂದೇ ತರುತ್ತಾರೆ. "ತಾಯಿ ಇಲ್ಲ ಅಕ್ಕಾ, ಪಾಪ" ಅಂತ. ಎಲ್ಲಿ ಸಿಕ್ತೋ ಅಲ್ಲೇ ಬಿಟ್ಟು ಬನ್ನಿ ಅನ್ನುತ್ತೇನೆ. ನಮ್ಮ ಕಾಡುಮೊಲ ಬಿಲ ತೋಡುವುದಿಲ್ಲ. ಮರಿ ಹುಟ್ಟುವಾಗಲೇ ಮೈತುಂಬ ಕೂದಲಿರುತ್ತದೆ, ಕಣ್ಣು ಬಿಟ್ಟಿರುತ್ತದೆ. ತಾಯಿ ಹಗಲು ದೂರವಿದ್ದು, ಕತ್ತಲಾದ ಮೇಲೆ ಬಂದು ಹಾಲು ಕೊಡುತ್ತದೆ. ಗಾಯವಿಲ್ಲದೆ ಮೈ ಬೆಚ್ಚಗಿದ್ದರೆ ಬದುವಿನ ಹುಲ್ಲಲ್ಲಿ ಬಿಡಿ, ನಾಯಿ ಕಟ್ಟಿಹಾಕಿ. ಮನುಷ್ಯರ ವಾಸನೆ ತಗುಲಿದರೆ ತಾಯಿ ಸೇರಿಸಲ್ಲ ಅನ್ನೋದು ಸುಳ್ಳು.

ಬೆಕ್ಕೋ ನಾಯಿಯೋ ಕಚ್ಚಿದ್ದರೆ ಮಾತು ಬೇರೆ. ಹಲ್ಲಿನ ತೂತು ಕೂದಲಡಿ ಕಾಣುವುದೇ ಇಲ್ಲ, ಮೆಲ್ಲಗೆ ಊದಿ ನೋಡಿ. ಅವತ್ತೇ ಪಶುವೈದ್ಯರಿಗೆ ತೋರಿಸಬೇಕು. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ (ಸೋಂಕಿಗೆ ಕೊಡುವ ಆಂಟಿಬಯೋಟಿಕ್) ಬಾಯಿಗೆ ಹಾಕಲೇಬೇಡಿ, ಮೊಲದ ಕರುಳು ಕೆಟ್ಟು ಜೀವಕ್ಕೇ ಕುತ್ತು ಬರುತ್ತದೆ.

ಅಲ್ಲಿವರೆಗೆ ತೂತು ಮಾಡಿದ ರಟ್ಟಿನ ಪೆಟ್ಟಿಗೆ, ಒಳಗೆ ಹಳೇ ಪಂಚೆ. ಎಳೆ ಎದ್ದ ಟವೆಲ್‌ಗೆ ಉಗುರು ಸಿಕ್ಕಿಕೊಳ್ಳುತ್ತದೆ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಒಂದೇ ಪಕ್ಕ ಇಡಿ, ಸೆಕೆಯಾದರೆ ಮರಿ ಆಚೆ ಸರಿಯಲಿ. ಮೈ ತಣ್ಣಗಿದ್ದಾಗ ನೀರೂ ಕುಡಿಸಬೇಡಿ. ಹಸುವಿನ ಹಾಲಂತೂ ಬೇಡವೇ ಬೇಡ, ಭೇದಿ ಹತ್ತುತ್ತದೆ. ಸುಮ್ನೆ ಕೂತಿದೆ ಅಂದರೆ ಒಗ್ಗಿಕೊಂಡಿದೆ ಅಂತಲ್ಲ, ಹೆದರಿದೆ. ಆ ಹೆದರಿಕೆಗೇ ಸಾಯುವುದುಂಟು. ಮುದ್ದು ಮಾಡದೆ ಕತ್ತಲಲ್ಲಿ ಬಿಡಿ.

ಸಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ತಪ್ಪು. ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಯಾವ ಹೊಲ, ಯಾವ ಬದು ಅಂತ ಸರಿಯಾಗಿ ಹೇಳಿ. ವಾಸಿಯಾದ ಮೇಲೆ ಅಲ್ಲಿಗೇ ಬಿಡಬೇಕಲ್ವಾ?